ಜಾರ್ಜ್ ಮತ್ತು ಬಸವ: ತಾಳವಾಡಿಯಿಂದ ಒಂದು ಗ್ರೀಕ್ ಹೆಸರಿನ ಓದು

ಬೆಟ್ಟದಲ್ಲಿ ಇವತ್ತು ಮಳೆ, ಸಿಗ್ನಲ್ ಹೋದರೆ ಕ್ಷಮಿಸಿ. ನಾನು ಆರಿಸಿಕೊಂಡಿರುವುದು 'ಜಾರ್ಜ್' ಎಂಬ ಹೆಸರು. ಈರೋಡು ಜಿಲ್ಲೆಯ ತಾಳವಾಡಿಯವನಿಗೆ ಈ ಗ್ರೀಕ್ ಹೆಸರು ಯಾಕೆ ಅಂತ ನೀವು ಕೇಳಬಹುದು. ಕಾರಣ ಎರಡಿವೆ.

ಮೊದಲನೆಯದು ಅರ್ಥ. ಗ್ರೀಕಿನಲ್ಲಿ 'ಗೇ' ಎಂದರೆ ಭೂಮಿ, 'ಎರ್ಗೊನ್' ಎಂದರೆ ಕೆಲಸ. ಎರಡೂ ಕೂಡಿ 'ಗೆಓರ್ಗೊಸ್', ಅಂದರೆ ಬೇಸಾಯಗಾರ. ಜಿಯಾಗ್ರಫಿ, ಎನರ್ಜಿ ಎಂಬ ಪದಗಳಲ್ಲೂ ಇವೇ ಬೇರುಗಳಿವೆ. ನಮ್ಮ ಮಾತಲ್ಲಿ ಹೇಳೋದಾದ್ರೆ ಜಾರ್ಜ್ ಅಂದ್ರೆ ಒಕ್ಕಲುಮಗ. ರಾಗಿ, ಆಲೂಗಡ್ಡೆ, ಬೆಳ್ಳುಳ್ಳಿ ಬೆಳೆಯುವ ನಮ್ಮ ಬೆಟ್ಟದವರಿಗೆ ಒಪ್ಪುವ ಹೆಸರು.

ಆದರೆ ಹೆಸರು ಹೊಲದಲ್ಲೇ ನಿಲ್ಲಲಿಲ್ಲ. ನಾಲ್ಕನೆಯ ಶತಮಾನದ ಆರಂಭದಲ್ಲಿ ಹುತಾತ್ಮನಾದನೆಂದು ನಂಬಲಾದ ಸಂತ ಜಾರ್ಜ್‌ನಿಂದಾಗಿ ಅದು ದೇಶದೇಶಗಳಿಗೆ ಹರಡಿತು. ಸಿರಿಯಕ್ ಭಾಷೆಯ ಮೂಲಕ ಕೇರಳಕ್ಕೆ ಬಂದು ಗೀವರ್ಗೀಸ್, ವರ್ಗೀಸ್ ಆಯಿತು. ಬ್ರಿಟನ್ನಿನಲ್ಲಿ 1714ರಿಂದ ದೊರೆಗಳ ಹೆಸರಾಯಿತು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1930ರ ಜೂನ್ 3ರಂದು ಹುಟ್ಟಿದರು. ಐದನೇ ಜಾರ್ಜ್ ದೊರೆಯ ಹುಟ್ಟುದಿನವೂ ಅದೇ ಆದ್ದರಿಂದ ತಾಯಿ ಆ ಹೆಸರಿಟ್ಟರು. ಕಾರ್ಮಿಕ ನಾಯಕನಿಗೆ ದೊರೆಯ ಹೆಸರು. ದೊರೆಗೆ ರೈತನ ಹೆಸರು!

ಎರಡನೆಯ ಕಾರಣ ಒಂದು ಕೋಟೆ. 1640ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಮದರಾಸಿನಲ್ಲಿ ಕಟ್ಟಿದ ಕೋಟೆಗೆ ಸಂತ ಜಾರ್ಜ್‌ನ ಹೆಸರಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಯಮತ್ತೂರು ಸೀಮೆ ಆ ಕೋಟೆಯ ಆಡಳಿತಕ್ಕೆ ಸೇರಿತು. 1956ರಲ್ಲಿ ಪಕ್ಕದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ಕನ್ನಡದ ತಾಳವಾಡಿ ಮದರಾಸಿನಲ್ಲೇ ಉಳಿಯಿತು. ತಮಿಳುನಾಡಿನ ಸಚಿವಾಲಯ ಇಂದಿಗೂ ಆ ಕೋಟೆಯೊಳಗಿದೆ. ಹಾಗಾಗಿ ನಮಗೆ ಜಾರ್ಜ್ ಅಂದ್ರೆ ರೈತ ಅಲ್ಲ, ಸರ್ಕಾರ.

ಇನ್ನು ಬರಹದ ವಿಚಾರ. ತಮಿಳು ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. 'ಜ'ಕ್ಕೆ ಮಾತ್ರ ಗ್ರಂಥ ಲಿಪಿಯಿಂದ ಪಡೆದ ಬೇರೆ ಅಕ್ಷರವಿದೆ. ಆದ್ದರಿಂದ ಜಾರ್ಜ್ ಕೆಡದೆ ಉಳಿಯುತ್ತದೆ. ನಮ್ಮ ತಾತನ ಹೆಸರು ಬಸವ. 'ವೃಷಭ'ದಿಂದ ಬಂದದ್ದು, ಅಂದರೆ ಎತ್ತು. ಅದು ತಮಿಳಿನಿಂದ ಇಂಗ್ಲಿಷಿಗೆ ಹೋಗುವಾಗ ಒಂದು ಕಾಗದದಲ್ಲಿ 'ಪಸವ' ಆಯಿತು. ತಾತ ತೀರಿಕೊಂಡ ಮೇಲೆ ಜಮೀನನ್ನು ಅಪ್ಪನ ಹೆಸರಿಗೆ ಮಾಡಿಸಲು ಹೋದಾಗ ಬಸವನೂ ಪಸವನೂ ಒಬ್ಬನೇ ಅಂತ ತೋರಿಸೋಕೆ ಎರಡು ವರ್ಷ ಹಿಡೀತು. ಅಪ್ಪ ಅಂದರು: "ಹೊಲ ಉತ್ತೋನು ಒಬ್ಬನೇ ಕಣ ಮಗ, ಕಾಗ್ದದಲ್ಲಿ ಇಬ್ಬರಾಗವ್ನೆ."

ತಮಿಳು ಲಿಪಿಯನ್ನು ನಾನು ದೂರುತ್ತಿಲ್ಲ. 'ಬಸ್' ಅನ್ನೋದನ್ನೂ ಅದೇ ಅಕ್ಷರದಲ್ಲಿ ಬರೀತಾರೆ, ಯಾರೂ 'ಪಸ್' ಅನ್ನಲ್ಲ. ಬಲ್ಲ ಪದವನ್ನು ಕಣ್ಣು ಸರಿಯಾಗಿಯೇ ಓದುತ್ತದೆ. ಹೆಸರುಗಳು ಬದಲಾಗುವುದೂ ಸಹಜ. ಆದರೆ ಗೆಓರ್ಗೊಸ್ ವರ್ಗೀಸ್ ಆದದ್ದು ಆ ಹೆಸರಿಟ್ಟುಕೊಂಡವರ ಬಾಯಲ್ಲಿ, ಶತಮಾನಗಳ ಬಳಕೆಯಲ್ಲಿ. ಪಸವ ಯಾರ ಬಾಯಲ್ಲೂ ಇರಲಿಲ್ಲ. ತಾತನನ್ನು ಯಾರೂ ಹಾಗೆ ಕೂಗಲಿಲ್ಲ. ಈ ವ್ಯತ್ಯಾಸವನ್ನು ಹೆಸರುಗಳ ಅಧ್ಯಯನ ಗಮನಿಸಬೇಕು ಎಂಬುದು ನನ್ನ ವಾದ. ಗಡಿಯ ದಾಖಲೆಗಳಲ್ಲಿ ತಮಿಳಿನ ಪಕ್ಕ ಕನ್ನಡದಲ್ಲೂ ಹೆಸರು ಬರೆದರೆ ಇಂಥ ತೊಡಕು ಎಷ್ಟೋ ತಪ್ಪುತ್ತದೆ.