ಒಂದು ಬುಲೆಟ್, ನಾಲ್ಕು ಎಂಜಿನ್: ವಿನ್ಯಾಸ ಬದಲಾವಣೆಯ ಲೆಕ್ಕಾಚಾರ

ಮಾರುಕಟ್ಟೆಗೆ ಬಂದ ಸರಕು ಗ್ರಾಹಕರ ಮೆಚ್ಚುಗೆ ಗಳಿಸುವುದು ಕಷ್ಟ. ಮೆಚ್ಚುಗೆ ಗಳಿಸಿದ ಸರಕನ್ನು ಬದಲಿಸುವುದು ಅದಕ್ಕಿಂತಲೂ ಕಷ್ಟ. ಬದಲಿಸದಿದ್ದರೆ ಕಾಲ ಅದನ್ನು ಹಿಂದಕ್ಕೆ ತಳ್ಳುತ್ತದೆ, ಬದಲಿಸಿದರೆ ಹಳೆಯ ಗ್ರಾಹಕನು ಮುನಿಸಿಕೊಳ್ಳುತ್ತಾನೆ. ಈ ಇಕ್ಕಟ್ಟನ್ನು ಅರಿಯಲು ರಾಯಲ್ ಎನ್‌ಫೀಲ್ಡ್ ಬುಲೆಟ್ ಮೋಟಾರ್‌ಸೈಕಲ್ಲಿಗಿಂತ ಉತ್ತಮ ನಿದರ್ಶನ ಭಾರತೀಯ ಉದ್ಯಮದಲ್ಲಿ ವಿರಳ. ಹೊರನೋಟಕ್ಕೆ ಅಂದಿನಂತೆಯೇ ಕಾಣುವ ಈ ವಾಹನದ ಒಡಲಿನಲ್ಲಿ ಇದುವರೆಗೆ ನಾಲ್ಕು ಪೀಳಿಗೆಯ ಎಂಜಿನ್‌ಗಳು ಬಂದಿವೆ. ಪ್ರತಿ ಬದಲಾವಣೆಯೂ ತಯಾರಕರ ಲೆಕ್ಕಪುಸ್ತಕದಲ್ಲಿ ಮಾತ್ರವಲ್ಲ, ಬಿಡಿಭಾಗ ಪೂರೈಸುವ ಸಣ್ಣ ಉದ್ದಿಮೆದಾರನ ಮತ್ತು ಮಾರಾಟಗಾರನ ಲೆಕ್ಕಪುಸ್ತಕದಲ್ಲಿಯೂ ತನ್ನ ಗುರುತನ್ನು ಉಳಿಸಿದೆ.

ಎರಕದ ಕಬ್ಬಿಣದ ಕಾಲ

ಭಾರತೀಯ ಸೇನೆಯ ಗಡಿ ಗಸ್ತಿನ ಅಗತ್ಯಕ್ಕಾಗಿ ಇಂಗ್ಲೆಂಡಿನಿಂದ ಬುಲೆಟ್‌ಗಳನ್ನು ತರಿಸಿಕೊಂಡ ನಂತರ, 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆ ಸ್ಥಾಪನೆಯಾಯಿತು. ತಿರುವೊತ್ತಿಯೂರಿನ ಕಾರ್ಖಾನೆಯಲ್ಲಿ ಮೊದಲು ಜೋಡಣೆ, ಕ್ರಮೇಣ ಪೂರ್ಣ ತಯಾರಿಕೆ ನಡೆಯಿತು. 1970ರ ಹೊತ್ತಿಗೆ ಇಂಗ್ಲೆಂಡಿನ ಮಾತೃಸಂಸ್ಥೆಯೇ ಬಾಗಿಲು ಮುಚ್ಚಿದರೂ ಮದರಾಸಿನ ಉತ್ಪಾದನೆ ನಿಲ್ಲಲಿಲ್ಲ.

ಆ ಮೊದಲ ಎಂಜಿನ್ನಿನ ಸಿಲಿಂಡರ್ ಎರಕದ ಕಬ್ಬಿಣದ್ದು. 70 ಮಿಲಿಮೀಟರ್ ಒಳವ್ಯಾಸ, 90 ಮಿಲಿಮೀಟರ್ ಪಿಸ್ಟನ್ ಚಲನೆ, ಒಟ್ಟು 346 ಸಿಸಿ. ಎಂಜಿನ್ ಬೇರೆ, ಗೇರ್ ಪೆಟ್ಟಿಗೆ ಬೇರೆ. ಎರಡನ್ನೂ ಕೂಡಿಸುವುದು ಒಂದು ಸರಪಳಿ. ಬಲಗಾಲಿನಲ್ಲಿ ಗೇರ್, ಎಡಗಾಲಿನಲ್ಲಿ ಬ್ರೇಕ್. ಆಮ್ಮೀಟರಿನ ಮುಳ್ಳನ್ನು ನೋಡಿ, ಡಿಕಂಪ್ರೆಸರ್ ಒತ್ತಿ, ಪಿಸ್ಟನ್ ಸರಿಯಾದ ಸ್ಥಾನಕ್ಕೆ ಬಂದ ಮೇಲೆ ಕಿಕ್ ಹೊಡೆಯುವ ಕ್ರಮವನ್ನು ಸವಾರರು ಒಂದು ವಿದ್ಯೆಯಂತೆ ಕಲಿಯುತ್ತಿದ್ದರು. ಕ್ರಮೇಣ 84 ಮಿಲಿಮೀಟರ್ ಒಳವ್ಯಾಸದ 499 ಸಿಸಿ ಮಾದರಿಯೂ, 325 ಸಿಸಿ ಡೀಸೆಲ್ ಎಂಜಿನ್ನಿನ ಟಾರಸ್ ಮಾದರಿಯೂ ಸೇರಿಕೊಂಡವು.

ದಶಕಗಳ ಕಾಲ ಮೂಲ ವಿನ್ಯಾಸ ಬದಲಾಗದಿದ್ದುದರಿಂದ ಬಿಡಿಭಾಗದ ವ್ಯಾಪಾರಿಗೆ ಅದು ನಿಶ್ಚಿಂತೆಯ ಕಾಲವಾಗಿತ್ತು. ಕಪಾಟಿನಲ್ಲಿದ್ದ ಪಿಸ್ಟನ್, ವಾಲ್ವ್, ಕ್ಲಚ್ ಪ್ಲೇಟುಗಳು ಈ ವರ್ಷ ಮಾರಾಟವಾಗದಿದ್ದರೆ ಬರುವ ವರ್ಷ ಮಾರಾಟವಾಗುತ್ತಿದ್ದವು. ದಾಸ್ತಾನು ಹಳತಾಗುವ ಭಯವಿರಲಿಲ್ಲ.

ಇದೇ ಅವಧಿಯಲ್ಲಿ ಮೈಸೂರಿನ ಐಡಿಯಲ್ ಜಾವಾ ಸಂಸ್ಥೆಯ ಯೆಜ್ಡಿಯೂ 250 ಸಿಸಿಯ ಎರಡು ಸ್ಟ್ರೋಕ್ ಎಂಜಿನ್ನನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಹಲವು ಹೆಸರುಗಳಲ್ಲಿ ಮಾರುಕಟ್ಟೆಗೆ ಬರುತ್ತಿತ್ತು. ಮಿತವ್ಯಯದ ನಾಲ್ಕು ಸ್ಟ್ರೋಕ್ ವಾಹನಗಳ ಪೈಪೋಟಿ, ಬಿಗಿಯಾದ ಹೊಗೆ ನಿಯಮಗಳು ಹಾಗೂ ಆಂತರಿಕ ತೊಂದರೆಗಳ ನಡುವೆ 1996ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. ಗ್ರಾಹಕನ ಅಭಿಮಾನವೊಂದೇ ಉದ್ದಿಮೆಯನ್ನು ಉಳಿಸಲಾರದೆಂಬುದನ್ನು ಮೈಸೂರಿನವರು ಕಣ್ಣಾರೆ ಕಂಡರು.

ಅರ್ಧ ಹೆಜ್ಜೆಯ ದಶಕ

ಬುಲೆಟ್ಟಿಗೂ ಅದೇ ಗತಿ ಬರುವ ಸಂಭವವಿತ್ತು. 1994ರಲ್ಲಿ ಐಷರ್ ಸಮೂಹದ ಪೂರ್ಣ ಹಿಡಿತಕ್ಕೆ ಬಂದರೂ 2000ನೇ ಇಸವಿಯ ವೇಳೆಗೆ ಮಾರಾಟ ತಿಂಗಳಿಗೆ ಸುಮಾರು 2,000 ವಾಹನಗಳಿಗೆ ಇಳಿದಿತ್ತು. ಉತ್ಪಾದನಾ ಸಾಮರ್ಥ್ಯ ಅದರ ಮೂರು ಪಟ್ಟು. ಸಂಸ್ಥೆಯನ್ನು ಮುಚ್ಚುವ ಇಲ್ಲವೇ ಮಾರುವ ಚರ್ಚೆ ನಡೆದಾಗ, ಇಪ್ಪತ್ತಾರರ ಹರೆಯದ ಸಿದ್ಧಾರ್ಥ ಲಾಲ್ ಒಂದು ಅವಕಾಶವನ್ನು ಕೇಳಿ ಪಡೆದು ಅದರ ಹೊಣೆ ಹೊತ್ತರು.

ಆಸ್ಟ್ರಿಯಾದ ಎವಿಎಲ್ ಸಂಸ್ಥೆಯ ನೆರವಿನಿಂದ ರೂಪುಗೊಂಡ ಅಲ್ಯೂಮಿನಿಯಂ ಎಂಜಿನ್ ಆ ಹೊತ್ತಿಗೆ ಮಾರುಕಟ್ಟೆಗೆ ಬಂದಿತ್ತು. ಕಡಿಮೆ ಇಂಧನ ಬೆರೆತ ಮಿಶ್ರಣವನ್ನು ಉರಿಸುವ ಈ ಎಂಜಿನ್ ಮೊದಲು ಮ್ಯಾಚಿಸ್ಮೋ, ಬಳಿಕ 2002ರ ಥಂಡರ್‌ಬರ್ಡ್ ಮಾದರಿಗಳಲ್ಲಿ ಕಾಣಿಸಿಕೊಂಡಿತು. ಆದರೆ ಗೇರ್ ಪೆಟ್ಟಿಗೆ ಹಿಂದಿನಂತೆಯೇ ಪ್ರತ್ಯೇಕವಾಗಿ ಉಳಿಯಿತು. ಎರಕದ ಕಬ್ಬಿಣದ ಎಂಜಿನ್ ಕೂಡ ಹಳೆಯ ಗ್ರಾಹಕರಿಗಾಗಿ ಉತ್ಪಾದನೆಯಲ್ಲಿ ಮುಂದುವರಿಯಿತು. ಇದರ ಜೊತೆಗೆ ಬಲಗಾಲಿನ ನಾಲ್ಕು ಗೇರುಗಳ ಪೆಟ್ಟಿಗೆ ಒಂದು, ಎಡಗಾಲಿನ ಐದು ಗೇರುಗಳ ಪೆಟ್ಟಿಗೆ ಇನ್ನೊಂದು.

ಇದರ ಪರಿಣಾಮವನ್ನು ಲೆಕ್ಕಿಗನ ದೃಷ್ಟಿಯಿಂದ ಗಮನಿಸಬೇಕು. ಮಾರಾಟದ ಗಾತ್ರ ಚಿಕ್ಕದು, ಆದರೆ ಎರಡು ಎಂಜಿನ್, ಎರಡು ಗೇರ್ ಪೆಟ್ಟಿಗೆ. ಪ್ರತಿಯೊಂದಕ್ಕೂ ಬೇರೆ ಡೈ, ಬೇರೆ ಪೂರೈಕೆದಾರ, ಬೇರೆ ಪರೀಕ್ಷೆ, ಬೇರೆ ದಾಸ್ತಾನು. ಮಾರಾಟಗಾರನ ಕಪಾಟಿನಲ್ಲಿ ಸರಕಿನ ಬಗೆಗಳು ಹೆಚ್ಚಿದವು, ಪ್ರತಿ ಬಗೆಯ ಚಲನೆ ನಿಧಾನವಾಯಿತು. ವೈವಿಧ್ಯಕ್ಕೆ ತಗಲುವ ವೆಚ್ಚ ಯಾವ ಬಿಲ್ಲಿನಲ್ಲಿಯೂ ಪ್ರತ್ಯೇಕವಾಗಿ ನಮೂದಾಗುವುದಿಲ್ಲ. ಅದು ಬಡ್ಡಿ, ಗೋದಾಮು, ಕಾಯುವಿಕೆ ಮತ್ತು ಮಾರಾಟವಾಗದ ಸರಕಿನ ರೂಪದಲ್ಲಿ ಚದುರಿಹೋಗುತ್ತದೆ.

ಒಳಗೆ ಹೊಸತು, ಹೊರಗೆ ಹಳತು

ಮೂರನೆಯ ಎಂಜಿನ್ ಈ ತೊಡಕನ್ನು ಬಿಡಿಸಿತು. ಎಂಜಿನ್, ಕ್ಲಚ್ ಹಾಗೂ ಗೇರ್ ಪೆಟ್ಟಿಗೆಗಳನ್ನು ಒಂದೇ ಕವಚದೊಳಗೆ ಅಡಕಗೊಳಿಸಿದ್ದರಿಂದ ಇದಕ್ಕೆ ಏಕಘಟಕ ಎಂಜಿನ್ ಎಂಬ ಹೆಸರು ಬಂದಿತು. ಪದೇ ಪದೇ ಸರಿಪಡಿಸಬೇಕಿದ್ದ ಟ್ಯಾಪೆಟ್‌ಗಳ ಬದಲು ಹೈಡ್ರಾಲಿಕ್ ಟ್ಯಾಪೆಟ್‌ಗಳು ಬಂದವು. ಆದರೆ 350ರಲ್ಲಿ 70 ಮತ್ತು 90 ಮಿಲಿಮೀಟರುಗಳ ಹಳೆಯ ಅಳತೆಗಳನ್ನೇ ಉಳಿಸಿಕೊಳ್ಳಲಾಯಿತು. ಬುಲೆಟ್ಟಿನ ಗ್ರಾಹಕ ಹಣ ಕೊಡುತ್ತಿದ್ದುದು ವೇಗಕ್ಕಲ್ಲ. ಆ ನಿಧಾನವಾದ, ಗಡುಸಾದ ಬಡಿತಕ್ಕೆ. ಉದ್ದನೆಯ ಪಿಸ್ಟನ್ ಚಲನೆ ಅದರ ಮೂಲಗಳಲ್ಲೊಂದು ಎಂಬುದನ್ನು ವಿನ್ಯಾಸಕಾರರು ಮರೆಯಲಿಲ್ಲ.

2009ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಕ್ಲಾಸಿಕ್ 350 ಮತ್ತು 500 ಮಾದರಿಗಳ ಮೂಲಕ ಈ ಸೂತ್ರ ಫಲ ನೀಡಿತು. ಬುಲೆಟ್, ಎಲೆಕ್ಟ್ರಾ, ಥಂಡರ್‌ಬರ್ಡ್, ಕ್ಲಾಸಿಕ್ ಎಲ್ಲಕ್ಕೂ ಒಂದೇ ಎಂಜಿನ್ ಕುಟುಂಬ. ಹೊರಗೆ ಟ್ಯಾಂಕು, ಆಸನ, ಹ್ಯಾಂಡಲ್, ಬಣ್ಣಗಳಲ್ಲಿ ವ್ಯತ್ಯಾಸ. 2010ರಲ್ಲಿ ಸುಮಾರು 52 ಸಾವಿರದಷ್ಟಿದ್ದ ವಾರ್ಷಿಕ ಮಾರಾಟ 2014ರಲ್ಲಿ 3 ಲಕ್ಷವನ್ನು ದಾಟಿತು. 2013ರಲ್ಲಿ ಓರಗಡಂನಲ್ಲಿಯೂ 2017ರಲ್ಲಿ ವಲ್ಲಂ ವಡಗಾಲ್‌ನಲ್ಲಿಯೂ ಹೊಸ ಕಾರ್ಖಾನೆಗಳು ಆರಂಭವಾದವು.

ನಿಯಮವೂ ತೆರಿಗೆಯೂ

ನಾಲ್ಕನೆಯ ಬದಲಾವಣೆಯ ಹಿಂದೆ ಭಾರತ್ ಸ್ಟೇಜ್ ಆರು ಮಾಲಿನ್ಯ ನಿಯಮದ ಒತ್ತಡವಿತ್ತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ನಿಯಮದ ಹೊಸ್ತಿಲಲ್ಲಿ 500 ಸಿಸಿ ಮಾದರಿಗಳನ್ನು ಭಾರತದಲ್ಲಿ ಕೈಬಿಡಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಮೀಟಿಯೋರ್ ಮಾದರಿಯೊಡನೆ ಜೆ ಸರಣಿಯ ಎಂಜಿನ್ ಬಂದಿತು. 72 ಮಿಲಿಮೀಟರ್ ಒಳವ್ಯಾಸ, 85.8 ಮಿಲಿಮೀಟರ್ ಚಲನೆ, 349 ಸಿಸಿ. ಪುಶ್‌ರಾಡ್‌ಗಳು ಹೋಗಿ ಕ್ಯಾಮ್‌ಶಾಫ್ಟ್ ಸಿಲಿಂಡರಿನ ತಲೆಯ ಮೇಲೇರಿತು. ಕಂಪನವನ್ನು ತಗ್ಗಿಸಲು ಬ್ಯಾಲೆನ್ಸರ್ ಶಾಫ್ಟ್ ಬಂದಿತು, ಕಿಕ್ ನಿರ್ಗಮಿಸಿತು. 2021ರಲ್ಲಿ ಕ್ಲಾಸಿಕ್, 2022ರಲ್ಲಿ ಹಂಟರ್, 2023ರ ಸೆಪ್ಟೆಂಬರಿನಲ್ಲಿ ಸ್ವತಃ ಬುಲೆಟ್ ಈ ಎಂಜಿನ್ನಿನೊಡನೆ ಬಂದವು.

349 ಎಂಬ ಅಂಕಿ ವಾಣಿಜ್ಯ ದೃಷ್ಟಿಯಿಂದಲೂ ಮಹತ್ವದ್ದು. ಜಿಎಸ್‌ಟಿ ಜಾರಿಯಾದ 2017ರ ಜುಲೈನಿಂದ 350 ಸಿಸಿ ಮೀರಿದ ವಾಹನಗಳಿಗೆ ಶೇ. 28ರ ಮೇಲೆ ಶೇ. 3ರಷ್ಟು ಉಪಕರ ಇದ್ದಿತು. 2025ರ ಸೆಪ್ಟೆಂಬರ್ 22ರಿಂದ ಈ ಅಂತರ ಬಹಳ ಹಿಗ್ಗಿತು: 350 ಸಿಸಿವರೆಗೆ ಶೇ. 18, ಅದನ್ನು ಮೀರಿದರೆ ಶೇ. 40. ಒಂದೇ ಮಳಿಗೆಯಲ್ಲಿ ಅಕ್ಕಪಕ್ಕ ನಿಂತ 349 ಸಿಸಿ ಮತ್ತು 648 ಸಿಸಿ ವಾಹನಗಳ ತೆರಿಗೆ ದರದಲ್ಲಿ ಶೇಕಡಾ 22 ಅಂಶಗಳ ವ್ಯತ್ಯಾಸ.

ಪೂರೈಕೆದಾರನ ಪಾಲು

ತಯಾರಕರಿಗೆ ಲಾಭ ತಂದ ಬದಲಾವಣೆ ಪೂರೈಕೆದಾರನಿಗೆ ನಷ್ಟ ತರಬಹುದು. ಉದಾಹರಣೆಗೆ, ಸಣ್ಣ ಘಟಕವೊಂದು 12 ಲಕ್ಷ ರೂಪಾಯಿಯ ಡೈ ಮಾಡಿಸಿ 60,000 ಬಿಡಿಭಾಗಗಳ ಬೇಡಿಕೆಯನ್ನು ನಿರೀಕ್ಷಿಸಿದರೆ, ಪ್ರತಿ ಭಾಗದ ಬೆಲೆಯಲ್ಲಿ ಡೈ ವೆಚ್ಚ 20 ರೂಪಾಯಿ ಸೇರುತ್ತದೆ. ಎಂಜಿನ್ ಬದಲಾಗಿ ಬೇಡಿಕೆ 40,000ಕ್ಕೆ ನಿಂತರೆ 4 ಲಕ್ಷ ರೂಪಾಯಿ ವಸೂಲಾಗದೆ ಉಳಿಯುತ್ತದೆ. ಆದುದರಿಂದ ಕನಿಷ್ಠ ಖರೀದಿ ಪ್ರಮಾಣ ಅಥವಾ ಉಳಿದ ಡೈ ವೆಚ್ಚದ ಮರುಪಾವತಿಯ ಷರತ್ತು ಖರೀದಿ ಒಪ್ಪಂದದಲ್ಲಿಯೇ ಬರಹದಲ್ಲಿರಬೇಕು. ಡೈಗಳ ಉಪಯುಕ್ತ ಆಯುಷ್ಯವನ್ನು ಪ್ರತಿ ವರ್ಷ ಮರುಪರಿಶೀಲಿಸಿ ಸವಕಳಿಯನ್ನು ಹೊಂದಿಸಬೇಕು.

ವ್ಯಾಪಾರಿಯ ವಿಷಯದಲ್ಲಿ ಲೆಕ್ಕಪತ್ರ ಮಾನದಂಡ 2ರ ಸೂತ್ರ ಸ್ಪಷ್ಟವಾಗಿದೆ. ದಾಸ್ತಾನನ್ನು ಖರೀದಿ ವೆಚ್ಚ ಮತ್ತು ನಿವ್ವಳ ವಸೂಲಾತಿ ಮೌಲ್ಯಗಳಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕು. ಮಾದರಿ ನಿಂತುಹೋದ ಬಿಡಿಭಾಗವನ್ನು ವರ್ಷಗಟ್ಟಲೆ ಖರೀದಿ ಬೆಲೆಯಲ್ಲಿ ತೋರಿಸುತ್ತ ಹೋದರೆ, ಇಲ್ಲದ ಲಾಭಕ್ಕೆ ಆದಾಯ ತೆರಿಗೆ ಕಟ್ಟಿದಂತಾಗುತ್ತದೆ. ಸರಕನ್ನು ಲೆಕ್ಕದಿಂದ ಪೂರ್ತಿಯಾಗಿ ತೆಗೆದುಹಾಕಿದಲ್ಲಿ ಅದರ ಮೇಲೆ ಪಡೆದ ಇನ್‌ಪುಟ್ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕಾಗುತ್ತದೆ ಎಂಬುದೂ ನೆನಪಿರಬೇಕು. ನಿಂತ ಮಾದರಿಯ ಭಾಗಗಳೆಲ್ಲ ಬೆಲೆಯಿಲ್ಲದವೆಂದು ತಿಳಿಯಲೂ ಬಾರದು. ಹಳೆಯ ಬುಲೆಟ್‌ಗಳನ್ನು ಜತನದಿಂದ ಓಡಿಸುವವರಿಗೆ ಎರಕದ ಕಬ್ಬಿಣದ ಕಾಲದ ಅಸಲಿ ಭಾಗ ಇಂದಿಗೂ ಬೇಕು. ಯಾವುದಕ್ಕೆ ಗಿರಾಕಿ ಇದ್ದಾನೆ, ಯಾವುದಕ್ಕೆ ಇಲ್ಲ ಎಂಬುದನ್ನು ಬೇರ್ಪಡಿಸುವುದೇ ಜಾಣತನ.

ದಿನಾಂಕದ ಗಡುವು ಎಷ್ಟು ಕಠೋರವಾಗಬಲ್ಲದೆಂಬುದಕ್ಕೆ 2017ರ ಮಾರ್ಚ್ 29ರ ಸರ್ವೋಚ್ಚ ನ್ಯಾಯಾಲಯದ ಆದೇಶ ಸಾಕ್ಷಿ. ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಮೂರು ವಾಹನಗಳ ಮಾರಾಟವನ್ನು ಅದು ನಿಷೇಧಿಸಿದಾಗ ದೇಶದಾದ್ಯಂತ 8 ಲಕ್ಷಕ್ಕೂ ಹೆಚ್ಚು ವಾಹನಗಳು ದಾಸ್ತಾನಿನಲ್ಲಿದ್ದವು, ಅವುಗಳಲ್ಲಿ ಬಹುಪಾಲು ದ್ವಿಚಕ್ರ ವಾಹನಗಳು. ಉಳಿದ ಎರಡು ದಿನಗಳಲ್ಲಿ ಮಾರಾಟಗಾರರು ಸಿಕ್ಕಿದ ಬೆಲೆಗೆ ಕೊಟ್ಟರು. ನಿಯಮ ಬರುವುದು ವರ್ಷಗಳ ಹಿಂದೆಯೇ ತಿಳಿದಿತ್ತು. ಕೊನೆಯ ಗಳಿಗೆಯಲ್ಲಿ ರಿಯಾಯಿತಿ ದೊರೆಯಬಹುದೆಂಬ ನಂಬಿಕೆ ಮಾತ್ರ ಸುಳ್ಳಾಯಿತು.

ಬುಲೆಟ್ಟಿನ ಟ್ಯಾಂಕಿನ ಮೇಲಿನ ಚಿನ್ನದ ಬಣ್ಣದ ಗೆರೆಗಳನ್ನು ಎಳೆಯುವುದು ಇಂದಿಗೂ ಕುಶಲಕರ್ಮಿಯ ಕೈಯೇ. ಅದರ ಕೆಳಗಿನ ಎಂಜಿನ್ ಮಾತ್ರ ನಾಲ್ಕನೆಯದು. ಗ್ರಾಹಕನು ಯಾವುದಕ್ಕಾಗಿ ಹಣ ಕೊಡುತ್ತಾನೋ ಅದನ್ನು ಕಾಯ್ದುಕೊಂಡು, ಯಾವುದು ವೆಚ್ಚವನ್ನಷ್ಟೇ ಹೆಚ್ಚಿಸುತ್ತದೋ ಅದನ್ನು ಸಕಾಲದಲ್ಲಿ ಬದಲಿಸಿದ ಉದ್ದಿಮೆ ಉಳಿಯಿತು. ಆರ್ಥಿಕ ವರ್ಷ ಮುಗಿಯುವ ಮುನ್ನ ತಮ್ಮ ಕಪಾಟುಗಳನ್ನೂ ಡೈಗಳ ಪಟ್ಟಿಯನ್ನೂ ಈ ದೃಷ್ಟಿಯಿಂದ ಒಮ್ಮೆ ಪರಿಶೀಲಿಸುವುದು ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಹಿತಕರ.