ಬಿಚ್ಚಿ ಕೂಡಿಸುವ ಗೇಮಿಂಗ್ ಪಿಸಿ: ನಾಗನೂರಿನ ಹುಡುಗರ ಲೆಕ್ಕ

ಕಬ್ಬಿನ ಬಿಲ್ಲು ಜಮಾ ಆಗುವ ದಿನಗಳಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಪೇಟೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಇಂಥ ಮಾತು ಕಿವಿಗೆ ಬೀಳುತ್ತಿರುತ್ತದೆ. ‘ಅಣ್ಣಾರ, ನಮ್ಮ ಹಳೇ ಪಿಸಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರ ಗೇಮ್ ನಡೀತಾವೇನ್ರಿ?’ ‘ನಡೀತಾವ ತಮ್ಮಾ. ಆದ್ರ ಮೊದಲ ಒಳಗಿನ ಎಸ್‌ಎಂಪಿಎಸ್ ಎಷ್ಟ ವ್ಯಾಟಿಂದೈತಿ ನೋಡ್ಕೊಂಡ ಬಾ.’

ನಾಗನೂರ ಕಡೆಯಿಂದ ಬಂದ ಹುಡುಗ ಕೇಳಿದ್ದು ಒಂದು ಬಿಡಿಭಾಗವನ್ನು, ಇಡೀ ಕಂಪ್ಯೂಟರನ್ನಲ್ಲ. ಅಂಗಡಿಯವರೂ ಹಳೆಯದನ್ನು ಬಿಸಾಕು ಎನ್ನಲಿಲ್ಲ, ಪಿಸಿಗೆ ಕರೆಂಟ್ ಪೂರೈಸುವ ಎಸ್‌ಎಂಪಿಎಸ್ ನೋಡಿಕೊಂಡು ಬಾ ಎಂದರಷ್ಟೇ. ಇಬ್ಬರಿಗೂ ಇದು ಸಹಜ ವ್ಯವಹಾರ. ಇದನ್ನೇ ಇನ್ನಷ್ಟು ಚೆಂದವಾಗಿ, ತಿರುಪುಳಿಯ ಗೊಡವೆಯಿಲ್ಲದಂತೆ ಮಾಡಿಕೊಡುತ್ತೇವೆಂದು ಜಗತ್ತಿನ ದೊಡ್ಡ ಕಂಪನಿಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಪ್ರಯತ್ನಿಸುತ್ತಿವೆ. ಬಹುತೇಕ ಪ್ರಯತ್ನಗಳು ನೆಲ ಕಚ್ಚಿವೆ. ಯಾಕೆ ಎಂದು ತಿಳಿದುಕೊಂಡರೆ, ಕೈಯಲ್ಲಿರುವ ಹಣವನ್ನು ಯಾವ ಭಾಗಕ್ಕೆ ಹಾಕಬೇಕು ಎಂಬುದೂ ತಿಳಿಯುತ್ತದೆ.

2014ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಮೇಳದಲ್ಲಿ ರೇಜರ್ ಕಂಪನಿ ‘ಪ್ರಾಜೆಕ್ಟ್ ಕ್ರಿಸ್ಟೀನ್’ ಎಂಬ ಮಾದರಿಯನ್ನು ತೋರಿಸಿತು. ನಡುವೆ ಒಂದು ಕಂಬ, ಅದರ ಎರಡೂ ಬದಿಗೆ ಸಿಕ್ಕಿಸಿದ ಮುಚ್ಚಿದ ಡಬ್ಬಿಗಳು. ಒಂದರಲ್ಲಿ ಪ್ರೊಸೆಸರ್, ಒಂದರಲ್ಲಿ ಗ್ರಾಫಿಕ್ಸ್, ಮತ್ತೊಂದರಲ್ಲಿ ಸ್ಟೋರೇಜ್. ಬಿಸಿ ತೆಗೆಯಲು ಒಳಗೆ ಮಿನರಲ್ ಆಯಿಲ್. ಹೊಸ ಗ್ರಾಫಿಕ್ಸ್ ಬೇಕೇ? ಹಳೆಯ ಡಬ್ಬಿ ಎಳೆದು ಹೊಸದನ್ನು ತಳ್ಳಿದರೆ ಮುಗಿಯಿತು. ವೈರು, ತಿರುಪು ಯಾವುದನ್ನೂ ಮುಟ್ಟಬೇಕಿಲ್ಲ. ನೋಡಿದವರೆಲ್ಲ ಬೆರಗಾದರು. ಆದರೆ ಅದು ಅಂಗಡಿಯ ಮುಖ ನೋಡಲೇ ಇಲ್ಲ.

ಮರುವರ್ಷ ಬರ್ಲಿನ್‌ನಲ್ಲಿ ಏಸರ್ ‘ರೇವೋ ಬಿಲ್ಡ್’ ತಂದಿತು. 125 ಮಿಲಿಮೀಟರ್ ಚೌಕದ ಪುಟ್ಟ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟರೆ ತಾವೇ ಅಂಟಿಕೊಂಡು ಕೆಲಸ ಮಾಡುವ ವ್ಯವಸ್ಥೆ ಅದು. ಮಾರುಕಟ್ಟೆಗೇನೋ ಬಂತು, ಹೆಚ್ಚು ದಿನ ನಿಲ್ಲಲಿಲ್ಲ. 2020ರಲ್ಲಿ ಇಂಟೆಲ್ ‘ನಕ್ 9 ಎಕ್ಸ್‌ಟ್ರೀಮ್’ ಹೊರತಂದಾಗ ನಿರೀಕ್ಷೆ ದೊಡ್ಡದಿತ್ತು. ಪ್ರೊಸೆಸರ್ ಮತ್ತು ಬೋರ್ಡು ಸೇರಿ ಒಂದೇ ಕಾರ್ಡಿನಲ್ಲಿ. ಮುಂದೆ ಆ ಕಾರ್ಡನ್ನಷ್ಟೇ ಬದಲಿಸಿ ಎಂಬ ಮಾತು. ಹಾಗೆ ಮಾತು ಕೊಟ್ಟ ಇಂಟೆಲ್ಲೇ 2023ರ ಜುಲೈನಲ್ಲಿ ನಕ್ ವ್ಯವಹಾರದಿಂದ ಹಿಂದೆ ಸರಿದು ಅದನ್ನು ಏಸಸ್‌ಗೆ ವಹಿಸಿತು.

ಈ ಮೂರರಲ್ಲೂ ಎಂಜಿನಿಯರುಗಳ ಜಾಣ್ಮೆಗೆ ಕೊರತೆಯಿರಲಿಲ್ಲ. ತೊಡಕು ಇದ್ದದ್ದು ಡಬ್ಬಿಯ ಆಕಾರದಲ್ಲಿ. ರೇಜರ್‌ನ ಕಂಬಕ್ಕೆ ರೇಜರ್ ಒಪ್ಪಿದ ಡಬ್ಬಿಯೇ ಬೇಕು, ಏಸರ್ ಪೆಟ್ಟಿಗೆಯ ಮೇಲೆ ಏಸರ್ ಪೆಟ್ಟಿಗೆಯೇ ಕೂರಬೇಕು. ಆ ಕಂಪನಿ ಮುಂದಿನ ಡಬ್ಬಿ ಮಾಡುವುದನ್ನು ನಿಲ್ಲಿಸಿದ ದಿನವೇ ಗಿರಾಕಿಯ ಅಪ್‌ಗ್ರೇಡ್ ದಾರಿಯೂ ಮುಚ್ಚಿತು. ರೋಟಾವೇಟರನ್ನು ಯಾವ ಕಂಪನಿಯದೇ ಕೊಂಡರೂ ಮಹೀಂದ್ರಾ ಟ್ರ್ಯಾಕ್ಟರಿಗೂ ಸ್ವರಾಜ್‌ಗೂ ಹಿಂದೆ ಜೋಡಿಸಬಹುದು, ಯಾಕೆಂದರೆ ಜೋಡಣೆಯ ಅಳತೆ ಎಲ್ಲರೂ ಒಪ್ಪಿಕೊಂಡದ್ದು. ಕ್ರಿಸ್ಟೀನ್‌ಗೆ ಅಂಥ ಒಪ್ಪಂದ ಇರಲಿಲ್ಲ.

ಸಾದಾ ಅಸೆಂಬಲ್ಡ್ ಪಿಸಿಗೆ ಅದು ಇದೆ. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಮೊದಲ ಪಿಸಿ ಬಿಡುಗಡೆ ಮಾಡಿದಾಗ ಅದರೊಳಗೆ ಹೆಚ್ಚುವರಿ ಕಾರ್ಡುಗಳಿಗಾಗಿ ಐದು ಸ್ಲಾಟ್‌ಗಳಿದ್ದವು, ಬೋರ್ಡಿನ ನಕ್ಷೆಯನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಲಾಗಿತ್ತು. ಕಾರ್ಡು ಮಾಡಲು ಯಾರು ಬೇಕಾದರೂ ಮುಂದೆ ಬಂದರು. ಸ್ವಲ್ಪ ಕಾಲದಲ್ಲೇ ಕಾಂಪ್ಯಾಕ್‌ನಂಥ ಕಂಪನಿಗಳು ಅದಕ್ಕೆ ಹೊಂದುವ ಇಡೀ ಕಂಪ್ಯೂಟರನ್ನೇ ತಯಾರಿಸಿದವು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆಯನ್ನು ಗೊತ್ತುಮಾಡಿತು: ಬೋರ್ಡು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ, ತಿರುಪಿನ ತೂತು ಇಂತಿಂಥಲ್ಲೇ. ಇಪ್ಪತ್ತು ವರ್ಷದ ಹಿಂದಿನ ಎಟಿಎಕ್ಸ್ ಕ್ಯಾಬಿನೆಟ್ ಅಟ್ಟದ ಮೇಲಿದ್ದರೆ ಇವತ್ತಿನ ಬೋರ್ಡು ಅದರಲ್ಲಿ ಕೂರುತ್ತದೆ. 2003ರಲ್ಲಿ ಬಂದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೂಡ ಹಾಗೆಯೇ: ಹೊಸ ತಲೆಮಾರಿನ ಕಾರ್ಡು ಹಳೆಯ ಸ್ಲಾಟಿನಲ್ಲಿ ವೇಗ ತುಸು ಕಡಿಮೆಯಾದರೂ ಕೆಲಸ ಮಾಡುತ್ತದೆ.

ಗೇಮಿಂಗ್ ಪಿಸಿ ಕಟ್ಟಿಕೊಂಡವರ ನಡುವೆ ಎಎಂ4 ಎಂಬ ಹೆಸರಿಗೆ ಒಂದು ಗೌರವವಿದೆ. ಎಎಂಡಿ 2016ರಲ್ಲಿ ತಂದ ಪ್ರೊಸೆಸರ್ ಸಾಕೆಟ್ ಅದು. 2017ರಲ್ಲಿ ಮೊದಲ ರೈಜನ್ ಚಿಪ್ಪಿನ ಜೊತೆ ಸಾಧಾರಣ ಬಿ350 ಬೋರ್ಡು ಕೊಂಡವರು ಬಯೋಸ್ ಅಪ್‌ಡೇಟ್ ಮಾಡಿಕೊಂಡು 2022ರ ರೈಜನ್ 7 5800ಎಕ್ಸ್3ಡಿ ಚಿಪ್ಪನ್ನು ಅದೇ ಬೋರ್ಡಿನಲ್ಲಿ ಕೂರಿಸಬಹುದಾಯಿತು. ಆ ಹೊತ್ತಿನಲ್ಲಿ ಗೇಮಿಂಗ್‌ಗೆ ಜಗತ್ತಿನ ಅತಿ ವೇಗದ ಚಿಪ್ಪುಗಳ ಸಾಲಿನಲ್ಲಿ ನಿಂತದ್ದು ಅದು. ಐದು ವರ್ಷದ ಹಳೆಯ ಬೋರ್ಡು, ಅದೇ ರ‍್ಯಾಮ್, ಅದೇ ಕ್ಯಾಬಿನೆಟ್. ಬದಲಾದದ್ದು ಅಂಗೈಯಲ್ಲಿ ಹಿಡಿಯುವಷ್ಟು ಒಂದು ಚಿಪ್ಪು. ಇದಕ್ಕೆ ತದ್ವಿರುದ್ಧ ಉದಾಹರಣೆ ಇಂಟೆಲ್‌ನದು. 2017ರ ಕೊನೆಗೆ ಬಂದ ಎಂಟನೇ ತಲೆಮಾರಿನ ಪ್ರೊಸೆಸರ್‌ಗೆ ಸಾಕೆಟ್ ಹೆಸರು ಹಿಂದಿನದೇ, ಎಲ್‌ಜಿಎ 1151. ಆದರೂ ಹಿಂದಿನ ಬೋರ್ಡಿನಲ್ಲಿ ಅದು ನಡೆಯಲಿಲ್ಲ, ಹೊಸ ಬೋರ್ಡು ಕೊಳ್ಳಲೇಬೇಕಾಯಿತು. ಆದ್ದರಿಂದ ಪ್ರೊಸೆಸರ್‌ನ ಬೆಲೆ ಕೇಳುವ ಮೊದಲು ಈ ಸಾಕೆಟ್ ಇನ್ನೆಷ್ಟು ವರ್ಷ ಎಂದು ಕೇಳುವುದು ಒಳ್ಳೆಯದು. ಈಗಿನ ಎಎಂ5 ಸಾಕೆಟ್‌ಗೆ 2027ರವರೆಗೂ ಅದರಾಚೆಗೂ ಹೊಸ ಚಿಪ್ಪು ಕೊಡುತ್ತೇವೆಂದು ಎಎಂಡಿ ಹೇಳಿದೆ.

ಇನ್ನು ನಾಗನೂರಿನ ಮಾತು. ಬೆಂಗಳೂರಿನ ಹುಡುಗನಿಗೆ ಎಸ್‌.ಪಿ. ರಸ್ತೆ ಇದೆ. ಒಂದು ಅಂಗಡಿಯಲ್ಲಿ ರ‍್ಯಾಮ್ ಸಿಗದಿದ್ದರೆ ಪಕ್ಕದ ಅಂಗಡಿ, ಬೋರ್ಡು ಹೊಂದಲಿಲ್ಲವೆಂದರೆ ಸಂಜೆಯೊಳಗೆ ವಾಪಸು. ನಾಗನೂರಿನವರಿಗೆ ಗೋಕಾಕ ಹತ್ತಿರ, ಆದರೆ ದೊಡ್ಡ ಪೇಟೆ ಎಂದರೆ ಬೆಳಗಾವಿ, ಇಲ್ಲವೇ ಹುಬ್ಬಳ್ಳಿ, ಗಡಿ ದಾಟಿದರೆ ಕೊಲ್ಹಾಪುರ. ಉಳಿದದ್ದು ಕೊರಿಯರ್. ಇಷ್ಟು ದೂರದಲ್ಲಿ ಕೆಟ್ಟ ಒಂದು ಭಾಗಕ್ಕಾಗಿ ಇಡೀ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹೊತ್ತೊಯ್ಯುವುದು ಕಷ್ಟ. ಸ್ಟ್ಯಾಂಡರ್ಡ್ ಅಳತೆಯ ಎಸ್‌ಎಂಪಿಎಸ್ ಕೆಟ್ಟರೆ ಗೋಕಾಕದಲ್ಲೇ ಇನ್ನೊಂದು ಸಿಗುತ್ತದೆ, ಸಂಜೆಗೆ ಪಿಸಿ ಮತ್ತೆ ಚಾಲೂ. ಒಂದೇ ಕಂಪನಿಯ ಆಕಾರದ ಭಾಗ ಕೆಟ್ಟರೆ ಕಾಯುವುದೊಂದೇ ದಾರಿ.

ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿ ಕೊಳ್ಳುವವರು ಈ ಮಾತನ್ನು ಎರಡು ಸಲ ಓದಬೇಕು. ನಗರದ ಕಂಪನಿಗಳು ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಯಂತ್ರಗಳು ರಿಪೇರಿ ಕಂಡು ಅಗ್ಗಕ್ಕೆ ಬರುತ್ತವೆ. ಓದಿಗೆ, ಟೈಪಿಂಗ್‌ಗೆ ಅವು ಗಟ್ಟಿ. ಆದರೆ ಅವುಗಳಲ್ಲಿ ಹಲವು ಮಾದರಿಗಳ ಎಸ್‌ಎಂಪಿಎಸ್ ಕನೆಕ್ಟರ್ ಬೇರೆ, ಬೋರ್ಡಿನ ಆಕಾರ ಬೇರೆ, ಕ್ಯಾಬಿನೆಟ್ ಸಣ್ಣದು. ಪೇಟೆಯ ದೊಡ್ಡ ಗ್ರಾಫಿಕ್ಸ್ ಕಾರ್ಡು ಒಳಗೆ ಹಿಡಿಸುವುದಿಲ್ಲ, ಹಿಡಿಸಿದರೂ ಅದಕ್ಕೆ ಬೇಕಾದ ಕರೆಂಟ್ ಕೊಡುವ ವೈರೇ ಇರುವುದಿಲ್ಲ. ಅಂಥ ಪೆಟ್ಟಿಗೆ ಈಗಾಗಲೇ ಮನೆಯಲ್ಲಿದ್ದರೆ ಸ್ಲಾಟಿನಿಂದ ಸಿಗುವ 75 ವ್ಯಾಟ್‌ನಲ್ಲೇ ನಡೆಯುವ ಕಾರ್ಡನ್ನು ಹುಡುಕಬೇಕು. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್ ತೆಗೆದುಕೊಳ್ಳುತ್ತದೆ, ಗಿಡ್ಡ ಕ್ಯಾಬಿನೆಟ್‌ಗೆ ಹೊಂದುವ ಆಕಾರದಲ್ಲೂ ಬರುತ್ತದೆ.

ಕರೆಂಟಿನ ಸಂಗತಿ ಈ ಸೀಮೆಯಲ್ಲಿ ಸಣ್ಣದಲ್ಲ. ಹುಕ್ಕೇರಿ ತಾಲ್ಲೂಕಿಗೆ ವಿದ್ಯುತ್ ಹಂಚುವುದು 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ; ಗೋಕಾಕ, ಮೂಡಲಗಿ ಕಡೆಗೆ ಹೆಸ್ಕಾಂ. ಬಿಲ್ಲು ಯಾರೇ ಕೊಡಲಿ, ತೋಟದ ಮನೆಯ ಅನುಭವ ಒಂದೇ: ಸುತ್ತಲಿನ ಪಂಪ್‌ಸೆಟ್‌ಗಳು ಒಟ್ಟಿಗೆ ಚಾಲೂ ಆದಾಗ ವೋಲ್ಟೇಜ್ ಕುಸಿಯುತ್ತದೆ, ನಿಂತಾಗ ಏರುತ್ತದೆ. ಅಗ್ಗದ ಎಸ್‌ಎಂಪಿಎಸ್ ಇದನ್ನು ಬಹಳ ದಿನ ತಾಳುವುದಿಲ್ಲ. ಸುಡುವಾಗ ತನ್ನ ಜೊತೆ ಬೋರ್ಡನ್ನೂ ಎಳೆದುಕೊಂಡು ಹೋದರೆ ಉಳಿಸಿದ ಹಣ ಒಂದಕ್ಕೆ ನಾಲ್ಕಾಗಿ ಕೈಬಿಡುತ್ತದೆ. ಹೊಸದಾಗಿ ಕಟ್ಟುವವರು ಮಿನುಗುವ ಆರ್‌ಜಿಬಿ ಫ್ಯಾನಿಗೆ ಹಾಕುವ ಹಣವನ್ನು ಎಸ್‌ಎಂಪಿಎಸ್‌ಗೆ ಸೇರಿಸಬೇಕು. ಒಳ್ಳೆಯ ಎಸ್‌ಎಂಪಿಎಸ್ ಎರಡು ಮೂರು ಗ್ರಾಫಿಕ್ಸ್ ಕಾರ್ಡುಗಳ ಕಾಲ ಬಾಳುತ್ತದೆ. ಮನೆಯ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರೀಷಿಯನ್ ಕೈಲಿ ನೋಡಿಸುವುದೂ ಇದೇ ಖರ್ಚಿನ ಭಾಗ.

ಯುಪಿಎಸ್ ವಿಷಯದಲ್ಲೂ ಹುಡುಗರು ಮೋಸ ಹೋಗುತ್ತಾರೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ನಿಜಕ್ಕೂ ಹೊರುವುದು ಸುಮಾರು 360 ವ್ಯಾಟ್. ಆರ್‌ಟಿಎಕ್ಸ್ 3060 ಕಾರ್ಡೊಂದೇ 170 ವ್ಯಾಟ್ ಕೇಳುತ್ತದೆ. ಪ್ರೊಸೆಸರ್, ಫ್ಯಾನು, ಮಾನಿಟರ್ ಸೇರಿದರೆ ಭಾರ ಅಂಚಿಗೆ ಬರುತ್ತದೆ. ಆಟ ಬಿಸಿಯೇರಿದ ಹೊತ್ತಿನಲ್ಲೇ ಕರೆಂಟ್ ಹೋದರೆ ಯುಪಿಎಸ್ ಕೂಗಿ ಎಲ್ಲವೂ ಒಮ್ಮೆಗೇ ಆರಿಹೋಗುತ್ತದೆ. ಮುಂದಿನ ತಲೆಮಾರಿನ ಆರ್‌ಟಿಎಕ್ಸ್ 4060 ಹೆಚ್ಚು ವೇಗ ಕೊಟ್ಟೂ 115 ವ್ಯಾಟ್‌ಗೆ ಇಳಿದಿದೆ. ಹಳ್ಳಿಯ ಮನೆಗೆ ಕಾರ್ಡು ಆರಿಸುವಾಗ ಈ 55 ವ್ಯಾಟ್ ವ್ಯತ್ಯಾಸಕ್ಕೆ ಬೆಲೆ ಇದೆ.

ಕಾರ್ಡು ಬದಲಿಸುವ ಕೆಲಸ ಮಾತ್ರ ಅಂದುಕೊಂಡಷ್ಟು ಭಾರಿಯಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಇಳಿಸಬೇಕು. ಕ್ಯಾಬಿನೆಟ್ಟಿನ ಲೋಹದ ಮೈ ಮುಟ್ಟಿದರೆ ಕೈಯಲ್ಲಿರುವ ಸ್ಟ್ಯಾಟಿಕ್ ಹೋಗುತ್ತದೆ. ಕಾರ್ಡಿನ ಪವರ್ ವೈರು ಬಿಡಿಸಿ, ಹಿಂಬದಿಯ ತಿರುಪು ತೆಗೆದು, ಸ್ಲಾಟಿನ ತುದಿಯ ಪ್ಲಾಸ್ಟಿಕ್ ಕೊಂಡಿಯನ್ನು ಬೆರಳಿನಿಂದ ಒತ್ತಿದರೆ ಹಳೆಯ ಕಾರ್ಡು ಸಡಿಲವಾಗುತ್ತದೆ. ಹೊಸದನ್ನು ನೇರ ಇಟ್ಟು ಸಮನಾಗಿ ಒತ್ತಿದಾಗ ಆ ಕೊಂಡಿ ‘ಟಕ್’ ಎಂದು ಕೂರಬೇಕು. ಕೂರದಿದ್ದರೆ ಬಲ ಹಾಕದೆ ತೆಗೆದು ಮತ್ತೆ ನೋಡಬೇಕು. ಹೆಚ್ಚು ಜಾಗ್ರತೆ ಬೇಕಾದದ್ದು ಪ್ರೊಸೆಸರ್‌ಗೆ. ಎಎಂ4 ಚಿಪ್ಪಿನ ಅಡಿಯಲ್ಲಿ 1331 ಸೂಜಿಯಂಥ ಪಿನ್ನುಗಳಿವೆ. ಒಂದು ಬಾಗಿದರೂ ಕಂಪ್ಯೂಟರ್ ಏಳದೆ ಹೋಗಬಹುದು. ಎಎಂ5ರಲ್ಲಿ ಆ ಪಿನ್ನುಗಳು ಬೋರ್ಡಿನ ಕಡೆಗೆ ಹೋಗಿವೆ, ಹಾಗಾಗಿ ಅಲ್ಲಿ ಸಾಕೆಟ್ಟಿನೊಳಗೆ ಬೆರಳು ತಾಗಬಾರದು.

ಇವೆಲ್ಲದರ ಹಿಂದೆ ದುಡ್ಡಿನ ಲಯವೊಂದಿದೆ. ಈ ಸೀಮೆಯ ಬಹಳಷ್ಟು ಮನೆಗಳಿಗೆ ತಿಂಗಳ ಸಂಬಳವಿಲ್ಲ. ಕಾರ್ಖಾನೆ ಕೊಟ್ಟಾಗ ಹಣ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನ ದರಕ್ಕಾಗಿ ರೈತರು ದಿನಗಟ್ಟಲೆ ರಸ್ತೆಯಲ್ಲೇ ಕುಳಿತದ್ದನ್ನು ಇಡೀ ರಾಜ್ಯ ಕಂಡಿತು. ಅಂಥ ಮನೆಯ ಹುಡುಗನಿಗೆ ಒಂದೇ ಸಲ ದೊಡ್ಡ ಮೊತ್ತ ಕೇಳುವುದಕ್ಕಿಂತ ಈ ವರ್ಷ ಬೋರ್ಡು, ಪ್ರೊಸೆಸರ್, ಗಟ್ಟಿ ಎಸ್‌ಎಂಪಿಎಸ್, ಮುಂದಿನ ವರ್ಷ ಗ್ರಾಫಿಕ್ಸ್ ಕಾರ್ಡು ಎಂದು ಕಟ್ಟಿಕೊಳ್ಳುವುದು ನ್ಯಾಯವಾದ ದಾರಿ. ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಆರಿಸಿದರೆ ಕಾರ್ಡು ಬರುವವರೆಗೆ ಓದೂ ನಡೆಯುತ್ತದೆ, ಸಣ್ಣಪುಟ್ಟ ಆಟವೂ ನಡೆಯುತ್ತದೆ.

ಹಾಸ್ಟೆಲಿಗೆ ಹೋಗುವವರ ಮಾತು ಬೇರೆ. ಧಾರವಾಡದಲ್ಲೋ ಬೆಳಗಾವಿಯಲ್ಲೋ ಓದುವವರಿಗೆ ಲ್ಯಾಪ್‌ಟಾಪೇ ಗತಿ, ಅದರಲ್ಲಿ ಗ್ರಾಫಿಕ್ಸ್ ಬೆಸುಗೆ ಹಾಕಿ ಕೂರಿಸಿರುತ್ತಾರೆ. ಆದರೂ ಡಬ್ಬಿ ಬದಲಿಸುವ ಕನಸು ನಿಜಕ್ಕೂ ಫಲಿಸಿದ್ದು ಲ್ಯಾಪ್‌ಟಾಪ್ ಕಡೆಯೇ. ನೀರವ್ ಪಟೇಲ್ ಕಟ್ಟಿದ ಅಮೆರಿಕದ ಫ್ರೇಮ್‌ವರ್ಕ್ ಕಂಪನಿಯ ‘ಲ್ಯಾಪ್‌ಟಾಪ್ 16’ 2024ರ ಆರಂಭದಲ್ಲಿ ಗಿರಾಕಿಗಳ ಕೈ ಸೇರಿತು. ಅದರ ಹಿಂಬದಿಯ ಗ್ರಾಫಿಕ್ಸ್ ಭಾಗವನ್ನು ಬಿಚ್ಚಿ ತೆಗೆಯಬಹುದು. 2025ರ ಆಗಸ್ಟ್‌ನಲ್ಲಿ ಕಂಪನಿ ಆರ್‌ಟಿಎಕ್ಸ್ 5070 ಇರುವ ಹೊಸ ಭಾಗವನ್ನು ಪ್ರಕಟಿಸಿ, ಹಳೆಯ ಯಂತ್ರಕ್ಕೂ ಅದು ಹೊಂದುತ್ತದೆ ಎಂದು ಕೊಟ್ಟ ಮಾತು ಉಳಿಸಿಕೊಂಡಿತು. ಜೋಡಣೆಯ ನಕ್ಷೆಯನ್ನೂ ಅದು ಎಲ್ಲರಿಗೂ ತೆರೆದಿಟ್ಟಿದೆ. ಆದರೆ ಅದೇ ಕಂಪನಿ 2025ರಲ್ಲಿ ಪ್ರಕಟಿಸಿದ ಡೆಸ್ಕ್‌ಟಾಪಿನಲ್ಲಿ ವೇಗಕ್ಕಾಗಿ ರ‍್ಯಾಮನ್ನು ಬೋರ್ಡಿಗೇ ಬೆಸೆಯಬೇಕಾಯಿತು. ಹೆಚ್ಚಿನ ವೇಗ ಬೇಕೆಂದಾಗ ಬಿಚ್ಚುವ ಸೌಲಭ್ಯ ಕಳೆದುಕೊಳ್ಳಬೇಕಾದ ಇಕ್ಕಟ್ಟು ಮುಂದೆ ಇನ್ನಷ್ಟು ಕಾಣಿಸಲಿದೆ.

ಆ ರ‍್ಯಾಮ್‌ನ ಬೆಲೆಯೇ ಈಗ ಎಲ್ಲರ ಲೆಕ್ಕ ತಪ್ಪಿಸಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನು ಬಾಚಿಕೊಳ್ಳತೊಡಗಿದ ಮೇಲೆ 2025ರ ಕೊನೆಗೆ ರ‍್ಯಾಮ್ ಬೆಲೆ ಗಗನಕ್ಕೇರಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಸಾಮಾನ್ಯ ಗಿರಾಕಿಗಳಿಗೆಂದು ಮಾರುತ್ತಿದ್ದ ತನ್ನ ‘ಕ್ರೂಷಿಯಲ್’ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಇಂಥ ಹೊತ್ತಿನಲ್ಲಿ ಹಳೆಯ ಎಎಂ4 ಬೋರ್ಡು, ಡಿಡಿಆರ್4 ರ‍್ಯಾಮ್ ಇದ್ದವರು ಅವಸರಪಟ್ಟು ಎಲ್ಲವನ್ನೂ ಬದಲಿಸಬೇಕಿಲ್ಲ. ಇರುವ ರ‍್ಯಾಮನ್ನು ಉಳಿಸಿಕೊಂಡು ಪ್ರೊಸೆಸರ್ ಅಥವಾ ಕಾರ್ಡನ್ನಷ್ಟೇ ಮೇಲಕ್ಕೆ ಒಯ್ಯಬಹುದು. ಸೆಕೆಂಡ್ ಹ್ಯಾಂಡ್ ಕಾರ್ಡು ಕೊಳ್ಳುವುದಾದರೆ ಮಾರುವವರ ಎದುರಲ್ಲೇ ಅರ್ಧ ಗಂಟೆ ಭಾರದ ಆಟವೊಂದನ್ನು ಓಡಿಸಿ ನೋಡಬೇಕು: ಪರದೆಯಲ್ಲಿ ಬಣ್ಣದ ಚುಕ್ಕಿ ಏಳುತ್ತವೆಯೇ, ಫ್ಯಾನು ಸದ್ದು ಮಾಡುತ್ತದೆಯೇ, ತಿರುಪಿನ ಮೇಲಿನ ವಾರಂಟಿ ಸ್ಟಿಕ್ಕರ್ ಹರಿದಿದೆಯೇ. ಬಿಲ್ಲು ಕೇಳಿ ಇಸಿದುಕೊಳ್ಳಬೇಕು. ಕೆಲವು ಕಂಪನಿಗಳ ವಾರಂಟಿ ಸೀರಿಯಲ್ ನಂಬರಿನ ಮೇಲೆ ನಡೆದರೂ, ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಮೊದಲು ಕೇಳುವುದು ಅದನ್ನೇ.