ಮೇಷ್ಟ್ರು ಪಕ್ಕದಲ್ಲಿದ್ದರೆ ವಿಡಿಯೊ ಪಾಠ

2012ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ ಒಂದು ಎಂಜಿನಿಯರಿಂಗ್ ತರಗತಿಗೆ ಸರ್ಕ್ಯೂಟ್ ಪಾಠ ವಿಡಿಯೊದಲ್ಲಿ ಬಂತು. ಪಾಠ ಹೇಳಿದವರು ಎಂಐಟಿ ಪ್ರಾಧ್ಯಾಪಕ, ಆನ್‌ಲೈನ್ ಕೋರ್ಸು ನೀಡುವ ಎಡ್‌ಎಕ್ಸ್ ಸಂಸ್ಥೆಯ ಆಗಿನ ಮುಖ್ಯಸ್ಥ, ನಮ್ಮ ಮಂಗಳೂರಿನಲ್ಲಿ ಬೆಳೆದ ಅನಂತ್ ಅಗರ್‌ವಾಲ್. ವಿದ್ಯಾರ್ಥಿಗಳು ಮನೆಯಲ್ಲಿ ವಿಡಿಯೊ ನೋಡಿ, ತರಗತಿಯಲ್ಲಿ ಗುಂಪಾಗಿ ಕೂತು ಲೆಕ್ಕ ಬಿಡಿಸುತ್ತಿದ್ದರು. ತಪ್ಪಿದಲ್ಲಿ ತಿದ್ದಲು ಅವರದೇ ಮೇಷ್ಟ್ರಿದ್ದರು. ಶೇ 91 ಮಂದಿ ಪಾಸಾದರು. ಹಳೆಯ ಕ್ರಮದ ತರಗತಿಗಳಲ್ಲಿ ಶೇ 60 ಕೂಡ ದಾಟಿರಲಿಲ್ಲ.

ಮರುವರ್ಷ ಅದೇ ವಿಶ್ವವಿದ್ಯಾಲಯ ಉಡಾಸಿಟಿ ಕಂಪನಿಯೊಂದಿಗೆ ಗಣಿತ, ಸಂಖ್ಯಾಶಾಸ್ತ್ರದ ಕೋರ್ಸುಗಳನ್ನು ಪೂರ್ತಿ ಆನ್‌ಲೈನ್‌ನಲ್ಲಿ ನಡೆಸಿತು. ಬಹಳಷ್ಟು ಮಂದಿ ನಪಾಸಾದರು. ಗಣಿತದಲ್ಲಿ ಮೊದಲೇ ಹಿಂದುಳಿದವರು ಅಲ್ಲಿ ಹೆಚ್ಚಿದ್ದರು, ನಿಜ. ಆದರೆ ಆಸರೆ ಬೇಕಾದವರೂ ಅವರೇ ಅಲ್ಲವೇ? ಜುಲೈನಲ್ಲಿ ಆ ಪ್ರಯೋಗಕ್ಕೆ ವಿಶ್ವವಿದ್ಯಾಲಯ ತಾತ್ಕಾಲಿಕ ವಿರಾಮ ಘೋಷಿಸಿತು.

ನಮ್ಮಲ್ಲಿ ಯುಜಿಸಿ 2021ರಲ್ಲಿ ಹೊರಡಿಸಿದ ಮಿಶ್ರ ಕಲಿಕೆಯ ಕರಡು, ಕೋರ್ಸಿನ ಶೇ 40ರಷ್ಟು ಭಾಗವನ್ನು ಆನ್‌ಲೈನ್‌ನಲ್ಲಿ ಕಲಿಸಬಹುದು ಎಂದಿತು. ವಿಡಿಯೊಗಳಿಗೇನೂ ಬರವಿಲ್ಲ, ಕೇಂದ್ರ ಸರ್ಕಾರದ ‘ಸ್ವಯಂ’ ಪೋರ್ಟಲ್ ಇದೆ, ಐಐಟಿಗಳ ಎನ್‌ಪಿಟಿಇಎಲ್ ಇದೆ. ಕಾಲೇಜುಗಳು ತಲೆ ಕೆಡಿಸಿಕೊಳ್ಳಬೇಕಾದ್ದು ತರಗತಿಯಲ್ಲೇ ನಡೆಯಬೇಕಾದ ಉಳಿದ ಶೇ 60ರ ಬಗ್ಗೆ.

ವಿಡಿಯೊದಲ್ಲಿ ಬಂದದ್ದನ್ನೇ ಮೇಷ್ಟ್ರು ಮತ್ತೆ ಬೋರ್ಡಿನ ಮೇಲೆ ಬರೆದರೆ, ಮುಂದಿನ ವಾರ ಯಾರೂ ನೋಡಿಕೊಂಡು ಬರುವುದಿಲ್ಲ. ವಿಡಿಯೊ ಚಿಕ್ಕದಿರಲಿ, ಕೊನೆಯಲ್ಲಿ ಎರಡು ಮೂರು ಪ್ರಶ್ನೆಗಳಿರಲಿ. ಉತ್ತರಗಳು ಹಿಂದಿನ ರಾತ್ರಿಯೇ ಕೈಸೇರಿದರೆ, ಹೆಚ್ಚು ಮಂದಿ ತಪ್ಪಿದ ಪ್ರಶ್ನೆಯಿಂದಲೇ ಮೇಷ್ಟ್ರು ಬೆಳಗಿನ ತರಗತಿ ಶುರು ಮಾಡಬಹುದು. ಹೀಗೆ ಉತ್ತರಿಸಿದ್ದಕ್ಕೆ ಇಂಟರ್ನಲ್ಸ್‌ನಲ್ಲಿ ಕೆಲವು ಅಂಕಗಳೂ ಬೇಕು. ಅಂಕವಿಲ್ಲದ ಕೆಲಸ ಸೆಮಿಸ್ಟರ್‌ನ ಗಡಿಬಿಡಿಯಲ್ಲಿ ಉಳಿಯುವುದಿಲ್ಲ.

ಒಂದೇ ಮೊಬೈಲನ್ನು ಮನೆಮಂದಿಯೆಲ್ಲ ಬಳಸುವ ಹಳ್ಳಿಯ ಹುಡುಗಿಗೆ, ಕಾಲೇಜಿನ ವೈಫೈನಲ್ಲೇ ಡೌನ್‌ಲೋಡ್ ಮಾಡಿಕೊಳ್ಳುವ ಅನುಕೂಲ ಇರಬೇಕು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ವಿಡಿಯೊ ಜೊತೆ ಕನ್ನಡದ ಟಿಪ್ಪಣಿಯೂ ಸಿಗಬೇಕು.

ಇನ್ನು ಕಾರ್ಯಭಾರದ ಮಾತು. ಉತ್ತರ ನೋಡುವುದು, ಚಟುವಟಿಕೆ ರೂಪಿಸುವುದು ಎಲ್ಲವೂ ದುಡಿಮೆಯೇ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ದೊಡ್ಡ ಮಟ್ಟದಲ್ಲಿ ನಡೆಯುತ್ತಿರುವುದು ಅತಿಥಿ ಉಪನ್ಯಾಸಕರಿಂದ. ಆನ್‌ಲೈನ್‌ಗೆ ಹೋದ ಗಂಟೆಗಳನ್ನು ಅವರ ಲೆಕ್ಕದಿಂದ ಕಳೆದರೆ, ತರಗತಿಯಲ್ಲಿ ತಿದ್ದುವವರೇ ಇಲ್ಲವಾಗುತ್ತಾರೆ. ಸ್ಯಾನ್ ಹೋಸೆಯ ತತ್ವಶಾಸ್ತ್ರ ಅಧ್ಯಾಪಕರು 2013ರಲ್ಲಿ ಬಹಿರಂಗ ಪತ್ರ ಬರೆದು ಆತಂಕಪಟ್ಟದ್ದೂ ವಿಡಿಯೊಗಳು ಅಧ್ಯಾಪಕರ ಜಾಗ ಹಿಡಿದಾವು ಎಂದೇ. ಮಿಶ್ರ ಕಲಿಕೆಯನ್ನು ಖರ್ಚು ಉಳಿಸುವ ದಾರಿ ಎಂದು ಬಗೆಯುವ ಕಾಲೇಜು ಅದಕ್ಕೆ ಕೈಹಾಕದಿರುವುದೇ ಲೇಸು.